ಕೇಳದೆಯೇ ಕೇಳುವ ಪೆಟ್ಟಿಗೆ

ಎಗ್ಮೋರ್ ರೈಲು ನಿಲ್ದಾಣದಿಂದ ಕೂವಂ ನದಿ ದಾಟಿ ಅಣ್ಣಾ ಸಾಲೈ ಕಡೆಗೆ ಸುಮಾರು ಎರಡು ಕಿಲೋಮೀಟರ್ ಹೋದರೆ ರಿಚಿ ಸ್ಟ್ರೀಟ್ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ದಿಲ್ಲಿಯವರಿಗೆ ನೆಹರೂ ಪ್ಲೇಸ್ ಇದ್ದ ಹಾಗೆ ಚೆನ್ನೈಯವರಿಗೆ ಇದು. ಹೊರಗಿನಿಂದ ನೋಡಿದರೆ ಮೊಬೈಲ್ ಕವರ್, ಸಿಸಿಟಿವಿ, ಹಳೆಯ ಲ್ಯಾಪ್‌ಟಾಪುಗಳ ಬೀದಿ. ಒಳಗಿನ ಓಣಿಗಳಿಗೆ ನುಗ್ಗಿದರೆ ಮಾತ್ರ ನಮ್ಮಂಥವರಿಗೆ ಬೇಕಾದ ಅಂಗಡಿಗಳು. ಅಲ್ಲಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬೆರಳುಗುರಿನಷ್ಟು, ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡುಗಳು ರಾಶಿ ಬಿದ್ದಿರುತ್ತವೆ. ಇವಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಒಂದೊಂದು ಮಾಡ್ಯೂಲ್ ಒಂದೊಂದು ಕೆಲಸ ಮಾತ್ರ ಮಾಡುತ್ತದೆ. ಒಂದು ಬ್ಯಾಟರಿ ಚಾರ್ಜ್ ಮಾಡುತ್ತದೆ, ಒಂದು ಹಾಡು ನುಡಿಸುತ್ತದೆ, ಒಂದು ವೋಲ್ಟೇಜ್ ಏರಿಸುತ್ತದೆ. ಇಪ್ಪತ್ತು ವರ್ಷದ ಹಿಂದೆ ಇಂಥ ಒಂದೊಂದು ಕೆಲಸಕ್ಕೂ ಸರ್ಕ್ಯೂಟ್ ಬರೆದು, ಬಿಡಿಭಾಗ ಜೋಡಿಸಿ, ವಾರಗಟ್ಟಲೆ ಕೂರಬೇಕಿತ್ತು. ಈಗ ನಾಲ್ಕು ಮಾಡ್ಯೂಲ್ ತಂದು ಹತ್ತು ತಂತಿ ಬೆಸೆದರೆ ಜೇಬಿನಲ್ಲೋ ಕೈಚೀಲದಲ್ಲೋ ಒಯ್ಯಬಹುದಾದ ಒಂದು ಉಪಕರಣ ನಮ್ಮದೇ ಆಗುತ್ತದೆ.

ಈ ಸಲದ ಅಂಕಣ ಅಂಥದೊಂದು ಪೆಟ್ಟಿಗೆಯ ಬಗ್ಗೆ. ನಮ್ಮ ಮನೆಯಲ್ಲಿ ಅದು ಆರು ತಿಂಗಳಿಂದ ದಿನವೂ ದುಡಿಯುತ್ತಿದೆ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಕಿವಿಯಿಂದ ಆಲಿಸುವುದೂ ಕೇಳುವುದೇ, ಬೇಕಾದ್ದನ್ನು ಇನ್ನೊಬ್ಬರಿಂದ ಬೇಡುವುದೂ ಕೇಳುವುದೇ. ಕಣ್ಣು ಮಂದವಾದ ಮನುಷ್ಯರಿಗೆ ಮೊದಲನೆಯದು ಬೇಕಾದರೆ ಎರಡನೆಯದನ್ನು ಮಾಡಲೇಬೇಕು. ಆ ಎರಡನೆಯದನ್ನು ತಪ್ಪಿಸುವುದಕ್ಕೇ ಈ ಪೆಟ್ಟಿಗೆ.

ನನ್ನ ಸೋದರತ್ತೆಗೆ ಎಪ್ಪತ್ತನಾಲ್ಕು ವರ್ಷ. ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಾವ ತೀರಿಹೋದ ಮೇಲೆ, ಕಣ್ಣೂ ಕೈಕೊಡುತ್ತಾ ಬಂದದ್ದರಿಂದ, ಎರಡು ವರ್ಷದಿಂದ ಎಗ್ಮೋರಿನ ನಮ್ಮ ಫ್ಲಾಟಿನಲ್ಲಿದ್ದಾರೆ. ಅವರಿಗಿರುವುದು ಗ್ಲಾಕೋಮಾ. ಕಣ್ಣಿನ ಒಳಗಿನ ಒತ್ತಡದಿಂದ ದೃಷ್ಟಿಯ ನರ ನಿಧಾನವಾಗಿ ಹಾಳಾಗುವ ಕಾಯಿಲೆ ಇದು. ಮೊದಲು ಅಂಚಿನ ನೋಟ ಹೋಗುತ್ತದೆ, ಆಮೇಲೆ ನಡುವಿನದು. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳುವುದಷ್ಟೇ ಚಿಕಿತ್ಸೆ. ನಮ್ಮ ಎಗ್ಮೋರಿನಲ್ಲೇ ಇರುವ ಸರ್ಕಾರಿ ಕಣ್ಣಿನ ಆಸ್ಪತ್ರೆ 1819ರಲ್ಲಿ ಶುರುವಾದದ್ದು, ಲಂಡನ್ನಿನ ಮೂರ್‌ಫೀಲ್ಡ್ಸ್ ಬಿಟ್ಟರೆ ಜಗತ್ತಿನಲ್ಲೇ ಹಳೆಯದೆಂದು ಹೆಸರಾದದ್ದು. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ವೈದ್ಯರು ಗ್ಲಾಕೋಮಾಗೆ ಮಾಡುತ್ತಿದ್ದ ಶಸ್ತ್ರಚಿಕಿತ್ಸೆ ಅವರ ಹೆಸರಿನಿಂದಲೇ ಜಗತ್ತಿಗೆಲ್ಲ ಹಬ್ಬಿತು. ಅಷ್ಟು ಹಳೆಯ ಕಾಯಿಲೆ, ಅಷ್ಟು ಹಳೆಯ ಹೋರಾಟ. ಆದರೂ ಅತ್ತೆಗೆ ಈಗ ಕಾಣುವುದು ಬೆಳಕು, ನೆರಳು, ಎದುರಿಗೆ ಬಂದು ನಿಂತವರ ಆಕಾರ, ಅಷ್ಟೆ.

ಊರಿನಲ್ಲಿ ಅತ್ತೆ ತಾಳಮದ್ದಳೆಯ ಹುಚ್ಚಿನವರು. ದೂರದ ಊರುಗಳ ಓದುಗರಿಗೆ ಒಂದು ಮಾತು: ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ಎಲ್ಲವನ್ನೂ ತೆಗೆದು ಭಾಗವತರ ಪದ್ಯ, ಚೆಂಡೆ ಮದ್ದಳೆ ಮತ್ತು ಅರ್ಥಧಾರಿಗಳ ಮಾತು ಇಷ್ಟನ್ನೇ ಉಳಿಸಿಕೊಂಡರೆ ಅದು ತಾಳಮದ್ದಳೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ದೇವಸ್ಥಾನದಲ್ಲೋ ಮನೆಯ ಜಗಲಿಯಲ್ಲೋ ನಡೆಯುವ ಮಾತಿನ ಯುದ್ಧ ಅದು. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಮುಂತಾದ ಅರ್ಥಧಾರಿಗಳು ಆ ಕಡೆ ಮನೆಮನೆಯ ಹೆಸರು. ನೋಡುವುದಕ್ಕೆ ಏನೂ ಇಲ್ಲದ, ಪೂರ್ತಿ ಕೇಳುವುದಕ್ಕೇ ಇರುವ ಕಲೆ. ಕಣ್ಣು ಹೋದವರಿಗೆ ಇದರಿಂದ ಏನೂ ನಷ್ಟವಾಗುವುದಿಲ್ಲ. ನಮ್ಮ ಕುಟುಂಬದವರು ತೊಂಬತ್ತರ ದಶಕದಲ್ಲಿ ಊರಿನ ಕೂಟಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡಿದ್ದ ಮೂವತ್ತೊಂದು ಕ್ಯಾಸೆಟ್ಟುಗಳನ್ನು ಚಿಕ್ಕಪ್ಪನ ಮಗ ಎಂಪಿ3 ಮಾಡಿ ಇಟ್ಟಿದ್ದ. ಸಾಮಗ್ರಿ ಇತ್ತು. ಅದನ್ನು ಅತ್ತೆಯ ಕೈಗೆ ಮುಟ್ಟಿಸುವ ದಾರಿ ಮಾತ್ರ ಇರಲಿಲ್ಲ.

ಮೊಬೈಲ್ ಇದೆಯಲ್ಲ ಎನ್ನಬಹುದು. ಟಚ್ ಸ್ಕ್ರೀನ್ ಎಂದರೆ ಕಣ್ಣಿದ್ದವರಿಗಾಗಿ ಮಾಡಿದ ನುಣುಪು ಗಾಜು. ಬೆರಳಿಗೆ ಅದರಲ್ಲಿ ಯಾವ ಗುರುತೂ ಸಿಗುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯವನ್ನು ಬಳಸುವ ಅಂಧರು ಅನೇಕರಿದ್ದಾರೆ, ನಿಜ. ಆದರೆ ಎಪ್ಪತ್ತು ದಾಟಿದ ಮೇಲೆ, ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿಯುವವರಿಗೆ ಅದು ದೊಡ್ಡ ಬೆಟ್ಟ. ಮಾತು ಕೇಳಿ ಹಾಡು ಹಾಕುವ ಸ್ಪೀಕರ್ ತಂದೆವು. ಅತ್ತೆಯ ಕಾಸರಗೋಡು ಕನ್ನಡ ಅದಕ್ಕೆ ಅರ್ಥವಾಗಲಿಲ್ಲ. ‘ವಾಲಿಯ ಪ್ರಸಂಗ ಹಾಕು ಮಾರಾಯ’ ಎಂದರೆ ಅದು ಯಾವುದೋ ಹಿಂದಿ ಹಾಡು ಹಾಕುತ್ತಿತ್ತು. ಹಗಲು ನಾನೂ ಹೆಂಡತಿಯೂ ಆಫೀಸಿಗೆ, ಮಗಳು ಶಾಲೆಗೆ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ತಮಿಳು ಮಾತ್ರ ಗೊತ್ತು. ಸಂಜೆ ನಾವು ಬಂದ ಮೇಲೆ ಹಾಕಿಕೊಡುತ್ತಿದ್ದೆವು. ಮೊದಮೊದಲು ಅತ್ತೆ ದಿನಕ್ಕೆರಡು ಸಲ ಕೇಳುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಕೇಳುವುದನ್ನೇ ಬಿಟ್ಟರು. ‘ಬೇಡ, ನೀವು ದಣಿದು ಬಂದಿರುತ್ತೀರಿ’ ಎನ್ನುತ್ತಿದ್ದರು. ಮನೆಯಲ್ಲಿ ಯಾರೂ ಗದರಿದವರಲ್ಲ, ಬೇಸರಿಸಿದವರಲ್ಲ. ಆದರೂ ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳಬೇಕಾದ ಮನುಷ್ಯ ಒಂದು ದಿನ ತನ್ನ ಬೇಕುಗಳನ್ನೇ ಕಡಿಮೆ ಮಾಡಿಕೊಳ್ಳುತ್ತಾನೆ. ಇದನ್ನು ಅನೇಕ ಮನೆಗಳಲ್ಲಿ ಕಂಡಿರುತ್ತೀರಿ.

ಪೆಟ್ಟಿಗೆ ಮಾಡುವ ಮೊದಲು ಅತ್ತೆಯನ್ನೇ ಕೂರಿಸಿಕೊಂಡು ಪಟ್ಟಿ ಮಾಡಿದೆ. ಅವರು ಹೇಳಿದ್ದು ನಾಲ್ಕೇ ಮಾತು. ಹಳೆಯ ರೇಡಿಯೋದ ಹಾಗೆ ತಿರುಗಿಸಿದರೆ ‘ಟಿಕ್’ ಎಂದು ಶುರುವಾಗಬೇಕು. ನಿನ್ನೆ ನಿಲ್ಲಿಸಿದಲ್ಲಿಂದಲೇ ಮುಂದುವರಿಯಬೇಕು. ಮಂಚದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಕೈಯಲ್ಲಿ ಹಿಡಿದುಕೊಂಡು ಹೋಗುವ ಹಾಗಿರಬೇಕು. ‘ಮತ್ತೆ, ಅದು ಹಾಳಾದರೆ ನನಗೆ ಬೈಯಬಾರದು!’ ನಾಲ್ಕನೆಯದನ್ನು ನಗುತ್ತಾ ಹೇಳಿದರು. ನನಗೆ ಮುಖ್ಯವಾಗಿ ಕಂಡದ್ದು ಅದೇ. ಬೆಲೆಬಾಳುವ ವಸ್ತುವಾದರೆ ಅವರು ಮುಟ್ಟುವುದಿಲ್ಲ. ಅಗ್ಗದ ಮಾಡ್ಯೂಲುಗಳೇ ಏಕೆ ಎಂಬುದಕ್ಕೆ ಇದೂ ಒಂದು ಕಾರಣ.

ಪೆಟ್ಟಿಗೆಯ ಹೃದಯ ಡಿಎಫ್‌ಪ್ಲೇಯರ್ ಮಿನಿ ಎಂಬ ಮಾಡ್ಯೂಲ್. ಅಂಚೆಚೀಟಿಯಷ್ಟು ಅಗಲ, ಹದಿನಾರು ಕಾಲು. ಅದರಲ್ಲೇ ಮೈಕ್ರೋ ಎಸ್‌ಡಿ ಕಾರ್ಡಿನ ಜಾಗ ಇದೆ, 32 ಜಿಬಿ ತನಕ ಒಪ್ಪುತ್ತದೆ. ಮೂರು ವಾಟ್‌ಗಿಂತ ಚಿಕ್ಕ ಒಂದು ಸ್ಪೀಕರನ್ನು ನೇರವಾಗಿ ನುಡಿಸುವ ಆಂಪ್ಲಿಫೈಯರ್ ಕೂಡ ಒಳಗೇ ಇದೆ. 3.2ರಿಂದ 5 ವೋಲ್ಟ್ ಸಾಕು, ಹಾಗಾಗಿ ಒಂದೇ ಲಿಥಿಯಂ ಸೆಲ್ಲಿನಲ್ಲಿ ನಡೆಯುತ್ತದೆ. ನಿಮಗೆ ಪ್ರೋಗ್ರಾಮಿಂಗ್ ಬಾರದಿದ್ದರೂ ಅಡ್ಡಿಯಿಲ್ಲ. ಐಒ1, ಐಒ2 ಎಂಬ ಎರಡು ಕಾಲುಗಳಿಗೆ ಒಂದೊಂದು ಬಟನ್ ಹಾಕಿ ಗ್ರೌಂಡಿಗೆ ಜೋಡಿಸಿದರೆ, ಚುಟುಕಾಗಿ ಒತ್ತಿದಾಗ ಹಿಂದಿನ ಮತ್ತು ಮುಂದಿನ ಹಾಡು, ಒತ್ತಿ ಹಿಡಿದರೆ ಧ್ವನಿ ಕಡಿಮೆ ಮತ್ತು ಹೆಚ್ಚು. ಮೊದಲ ಸಲ ಕೈ ಹಾಕುವವರು ಇಷ್ಟರಲ್ಲೇ ನಿಲ್ಲಿಸಬಹುದು, ಒಂದು ಸಂಜೆಯ ಕೆಲಸ. ಮಾರುಕಟ್ಟೆಯಲ್ಲಿ ಇದರ ನಕಲುಗಳು ಬಹಳ. ಕೆಲವಲ್ಲಿ ಚಿಪ್ ಬೇರೆ ಇರುವುದರಿಂದ ಒಂದೆರಡು ಆಜ್ಞೆಗಳಿಗೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಆದ್ದರಿಂದ ಎರಡು ತನ್ನಿ.

ಆದರೆ ಈ ಮಾಡ್ಯೂಲಿಗೆ ನೆನಪಿಲ್ಲ. ಆರಿಸಿ ಮತ್ತೆ ಹಚ್ಚಿದರೆ ಎಲ್ಲಿಗೆ ನಿಂತಿತ್ತೆಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅತ್ತೆಯ ಎರಡನೆಯ ಬೇಡಿಕೆಗೆ ಪುಟ್ಟ ಮೆದುಳೊಂದು ಬೇಕು. ಅದಕ್ಕೆ 3.3 ವೋಲ್ಟಿನ ಆರ್ಡುಯಿನೋ ಪ್ರೊ ಮಿನಿ ಬೋರ್ಡ್ ಹಾಕಿದೆ. ಅದು ಎರಡು ತಂತಿಗಳ ಮೂಲಕ ಪ್ಲೇಯರಿಗೆ ‘ಒಂದನೆಯ ಫೋಲ್ಡರಿನ ಏಳನೆಯ ತುಣುಕು ನುಡಿಸು’ ಎಂದು ಹೇಳುತ್ತದೆ. ತುಣುಕು ಮುಗಿದಾಗ ಪ್ಲೇಯರಿನ ಬಿಝಿ ಕಾಲು ಸೂಚನೆ ಕೊಡುತ್ತದೆ. ಆಗ ಮುಂದಿನ ಸಂಖ್ಯೆಯನ್ನು ಈಈಪ್ರಾಮ್ ಎಂಬ, ಕರೆಂಟ್ ಹೋದರೂ ಅಳಿಯದ ನೆನಪಿನಲ್ಲಿ ಬರೆದಿಟ್ಟುಕೊಂಡು ಮುಂದೆ ಸಾಗುತ್ತದೆ. ಆ ನೆನಪಿನ ಒಂದೊಂದು ಜಾಗವನ್ನು ಒಂದು ಲಕ್ಷ ಸಲ ಬರೆಯಬಹುದೆಂಬುದು ತಯಾರಕರ ಲೆಕ್ಕ. ಸರಾಸರಿ ಹತ್ತು ನಿಮಿಷದ ತುಣುಕು, ದಿನಕ್ಕೆ ಎಂಟು ಗಂಟೆ ಕೇಳಿದರೆ ದಿನಕ್ಕೆ 48 ಸಲ ಬರೆದಂತಾಯಿತು. ಒಂದೇ ಜಾಗದಲ್ಲಿ ಬರೆಯುತ್ತಾ ಹೋದರೂ ಐದೂವರೆ ವರ್ಷ ದಾಟುತ್ತದೆ. ಜಾಗ ಬದಲಿಸುತ್ತಾ ಬರೆದರೆ ನಮ್ಮ ಆಯುಷ್ಯಕ್ಕೂ ಸಾಕು.

ಮೂರು ಗಂಟೆಯ ಪ್ರಸಂಗವನ್ನು ತುಣುಕು ಮಾಡಲೇಬೇಕು, ಇಲ್ಲದಿದ್ದರೆ ಆರಿಸಿ ಹಚ್ಚಿದಾಗ ಮೊದಲಿಗೇ ಹೋಗುತ್ತದೆ. ಎಲ್ಲಿ ಕತ್ತರಿಸುವುದು? ಗಡಿಯಾರ ನೋಡಿ ಹತ್ತು ಹತ್ತು ನಿಮಿಷಕ್ಕೆ ಕತ್ತರಿಸುವ ಕೆಲಸವನ್ನು ಕಂಪ್ಯೂಟರ್ ಒಂದು ನಿಮಿಷದಲ್ಲಿ ಮುಗಿಸುತ್ತದೆ. ಅತ್ತೆ ಮೊದಲೇ ಹೇಳಿಬಿಟ್ಟರು: ‘ಭಾಗವತರು ಪದ್ಯ ಎತ್ತುವಲ್ಲಿ ಕತ್ತರಿಸು. ಅರ್ಥದ ನಡುವೆ ಕತ್ತರಿಸಿದರೆ ಊಟದ ನಡುವೆ ಎಲೆ ಎಳೆದ ಹಾಗೆ.’ ಹಾಗಾಗಿ ನಾಲ್ಕು ಭಾನುವಾರ ಇಬ್ಬರೂ ಕೂತು ಕೇಳುತ್ತಾ ಗುರುತು ಹಾಕಿದೆವು. ಕೃಷ್ಣ ಸಂಧಾನ, ವಾಲಿ ಮೋಕ್ಷ, ಶರಸೇತು, ಕರ್ಣಾವಸಾನ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ. ಯಾವ ಅರ್ಥಧಾರಿ ಯಾವ ಮಾತಿಗೆ ಹೇಗೆ ತಿರುಗೇಟು ಕೊಟ್ಟರು, ಆ ರಾತ್ರಿ ಯಾರ ಮನೆಯಲ್ಲಿ ಊಟ, ಎಲ್ಲವನ್ನೂ ಅತ್ತೆ ಹೇಳಿದರು. ಫೈಲುಗಳಿಗೆ 001, 002 ಎಂದು ಮೂರಂಕಿಯ ಹೆಸರು ಕೊಟ್ಟು 01, 02 ಎಂಬ ಫೋಲ್ಡರುಗಳಲ್ಲಿ ಹಾಕಬೇಕು. ಫೋಲ್ಡರ್ ಇಲ್ಲದೆ ಸುಮ್ಮನೆ ತುಂಬಿದರೆ, ಈ ಪ್ಲೇಯರು ಹೆಸರಿನ ಕ್ರಮ ನೋಡುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ನುಡಿಸುತ್ತದೆ.

ಇನ್ನು ಕೈಗೆ ಸಿಗುವ ಭಾಗ. ‘ಟಿಕ್’ ಎನ್ನುವ ಗುಂಡಿ ಈಗಲೂ ಸಿಗುತ್ತದೆ: ಸ್ವಿಚ್ ಸೇರಿರುವ 10 ಕಿಲೋ ಓಮ್ ಪೊಟೆನ್ಷಿಯೋಮೀಟರ್, ಹಳೆಯ ಟ್ರಾನ್ಸಿಸ್ಟರುಗಳಲ್ಲಿ ಇದ್ದದ್ದು ಅದೇ. ಆರಂಭದ ಟಿಕ್ಕಿಗೆ ಬ್ಯಾಟರಿ ಸಂಪರ್ಕ, ಮುಂದೆ ತಿರುಗಿಸಿದಷ್ಟೂ ಧ್ವನಿ. ಸ್ಪೀಕರಿನ ತಂತಿಯ ನಡುವೆ ಇದನ್ನು ಹಾಕಬೇಡಿ. ಬೋರ್ಡ್ ಅದರ ತಿರುವನ್ನು ಓದಿ, ಪ್ಲೇಯರಿಗೆ ಸೊನ್ನೆಯಿಂದ 30ರವರೆಗಿನ ಧ್ವನಿಮಟ್ಟ ತಿಳಿಸಿದರೆ ಸರಿ. ಬಟನ್‌ಗಳು ಮೂರು. ಒಂದು ತಾಳಮದ್ದಳೆ, ಇನ್ನೊಂದು ಭಜನೆ ಮತ್ತು ಹಾಡು, ಮೂರನೆಯದು ಮನೆಯವರ ಧ್ವನಿ. ಒತ್ತಿದ್ದನ್ನೇ ಮತ್ತೆ ಒತ್ತಿದರೆ ಮುಂದಿನ ತುಣುಕು. ಯಾವುದು ಯಾವುದೆಂದು ತಿಳಿಯಲು ಬಟನ್ ಪಕ್ಕದಲ್ಲಿ ಒಂದು, ಎರಡು, ಮೂರು ಮಂಜೊಟ್ಟಿ ಕಾಯಿ ಅಂಟಿಸಿದೆ. ಚೆನ್ನೆಮಣೆ ಆಡಿದ ಬೆರಳುಗಳಿಗೆ ಆ ಕಾಳು ಎಣಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇದೆಲ್ಲ ಕೂತಿರುವುದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಪಿವಿಸಿ ಸ್ವಿಚ್ ಬಾಕ್ಸಿನಲ್ಲಿ. ಬಿಸ್ಕತ್ತಿನ ತಗಡಿನ ಡಬ್ಬಿ ನೋಡಲು ಚೆಂದ, ಆದರೆ ತಂತಿ ಕಳಚಿ ತಗಡಿಗೆ ತಾಗಿದರೆ ಶಾರ್ಟ್.

ಶಾರ್ಟ್ ಎಂದಾಗ ಬ್ಯಾಟರಿಯ ಮಾತು ಬರಲೇಬೇಕು. ಇಲ್ಲಿ ಉಳಿತಾಯ ಬೇಡ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ವಿಜ್ಞಾನಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಬಂತು. ನಾವು ಬಳಸುವ 18650 ಸೆಲ್ಲಿನ ಹೆಸರಿನಲ್ಲೇ ಅಳತೆ ಇದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಇಷ್ಟು ಗಾತ್ರದಲ್ಲಿ ಒಳ್ಳೆಯ ಕಂಪನಿಯ ಸೆಲ್ಲಿಗೂ ಸುಮಾರು 3500 ಎಂಎಎಚ್ ಶಕ್ತಿ ಮೀರುವುದು ಕಷ್ಟ. ಮೇಲೆ 9800 ಎಂದು ಅಚ್ಚಾಗಿದ್ದರೆ ಅದು ಸುಳ್ಳು, ಅಂಗಡಿಯವರು ಎಷ್ಟೇ ಆಣೆ ಹಾಕಲಿ. ತಕ್ಕಡಿಯಲ್ಲಿ ಇಟ್ಟು ನೋಡಿ, ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ತೀರಾ ಹಗುರವಾಗಿದ್ದರೆ ಬಿಟ್ಟುಬಿಡಿ. ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಒಳಗಿನ ಪದರ ಹಾಳಾಗುತ್ತದೆ. ಇಪ್ಪತ್ತು ರೂಪಾಯಿಯ ಹೋಲ್ಡರ್ ಸಾಕು.

ಚಾರ್ಜಿಂಗಿಗೆ ಟಿಪಿ4056 ಮಾಡ್ಯೂಲ್. ಇದರಲ್ಲಿ ಎರಡು ಬಗೆ. ಒಂದರಲ್ಲಿ ಚಾರ್ಜಿಂಗ್ ಮಾತ್ರ. ಇನ್ನೊಂದರಲ್ಲಿ ಡಿಡಬ್ಲ್ಯೂ01 ಎಂಬ ರಕ್ಷಣಾ ಚಿಪ್ಪೂ ಇರುತ್ತದೆ. ಶಾರ್ಟ್ ಆದರೆ, ಅತಿಯಾಗಿ ಖಾಲಿಯಾದರೆ ಅದು ಸಂಪರ್ಕ ಕಡಿಯುತ್ತದೆ. ಎರಡಕ್ಕೂ ಬೆಲೆಯಲ್ಲಿ ವ್ಯತ್ಯಾಸ ಐದು ಹತ್ತು ರೂಪಾಯಿ. ಬ್ಯಾಟರಿಯ ಎರಡು ಬಿಂದುಗಳಲ್ಲದೆ ಔಟ್ ಎಂದು ಬರೆದ ಇನ್ನೆರಡು ಬಿಂದುಗಳಿದ್ದರೆ ಅದು ರಕ್ಷಣೆಯಿರುವ ಬಗೆ. ಅದನ್ನೇ ಕೇಳಿ ಪಡೆಯಿರಿ. ಯುಎಸ್‌ಬಿ ಸಿ ಸಾಕೆಟ್ಟಿನದು ತೆಗೆದುಕೊಂಡರೆ ಪಿನ್ ಮೇಲೋ ಕೆಳಗೋ ಎಂದು ತಡಕಾಡಬೇಕಿಲ್ಲ, ಕಣ್ಣು ಕಾಣದವರಿಗೆ ಇದು ಸಣ್ಣ ವಿಷಯವಲ್ಲ. ಕೆಲವು ಅಗ್ಗದ ಬೋರ್ಡುಗಳು ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ ಚಾರ್ಜ್ ಆಗುವುದಿಲ್ಲ, ಒಂದು ತುದಿ ಹಳೆಯ ಅಗಲ ಪಿನ್ನಿನ ಕೇಬಲ್ ಇಡಿ. ಚಾರ್ಜ್ ಆಗುವಾಗಲೇ ನುಡಿಸುತ್ತಿದ್ದರೆ ಈ ಚಿಪ್ಪಿಗೆ ಬ್ಯಾಟರಿ ತುಂಬಿತೋ ಇಲ್ಲವೋ ತಿಳಿಯುವುದಿಲ್ಲ. ಸೆಲ್ ಸೇರುವ ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿದಾಗ ನಿಲ್ಲಿಸುವುದು ಅದರ ಕ್ರಮ, ಸ್ಪೀಕರೇ ಅಷ್ಟು ಕುಡಿಯುತ್ತಿದ್ದರೆ ಅದು ನಿಲ್ಲಿಸುವುದೇ ಇಲ್ಲ. ಆದ್ದರಿಂದ ಕೇಬಲ್ ಚುಚ್ಚಿದ ಕೂಡಲೇ ನುಡಿಸುವುದು ನಿಲ್ಲುವಂತೆ ಬರೆದಿದ್ದೇನೆ. ವೋಲ್ಟೇಜ್ 3.5ಕ್ಕೆ ಇಳಿದರೆ ಮಗಳ ಧ್ವನಿ ಬರುತ್ತದೆ: ‘ಅಜ್ಜಿ, ಬ್ಯಾಟರಿ ಮುಗೀತಾ ಬಂತು, ಚಾರ್ಜಿಗೆ ಇಡಿ.’ ಹದವಾದ ಧ್ವನಿಯಲ್ಲಿ ಒಮ್ಮೆ ಚಾರ್ಜ್ ಮಾಡಿದರೆ ನಮ್ಮಲ್ಲಿ ಒಂದೂವರೆ ಎರಡು ದಿನ ಬರುತ್ತದೆ.

ಲೆಕ್ಕ ಹೇಳಿಬಿಡುತ್ತೇನೆ. ಪ್ಲೇಯರ್ 120 ರೂಪಾಯಿ, ಪ್ರೊ ಮಿನಿ 220, ಚಾರ್ಜರ್ 30, ಸೆಲ್ 250, ಹೋಲ್ಡರ್ 20, ಸ್ಪೀಕರ್ 80, ಟಿಕ್ ಗುಂಡಿ 30, ದೊಡ್ಡ ಬಟನ್ ಮೂರಕ್ಕೆ 120, ಮೆಮರಿ ಕಾರ್ಡ್ 350, ಬಾಕ್ಸ್ 90, ತಂತಿ ರೆಸಿಸ್ಟರ್ ಇತ್ಯಾದಿ 40. ಒಟ್ಟು 1350. ಪ್ರೊ ಮಿನಿಗೆ ಪ್ರೋಗ್ರಾಂ ತುಂಬಲು ಯುಎಸ್‌ಬಿ ಅಡಾಪ್ಟರ್ ಬೇರೆ ಬೇಕು, ಅದು ಒಮ್ಮೆ ಕೊಂಡರೆ ಯಾವತ್ತಿಗೂ ಆಯಿತು. ನಿಮ್ಮ ಊರಿನಲ್ಲಿ ಬೆಲೆ ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು.

ಮೂರನೆಯ ಬಟನ್ ಬಗ್ಗೆ ಹೇಳಬೇಕು. ಅದರಲ್ಲಿ ಮೊದಲು ಇದ್ದದ್ದು ಊರಿನವರ ಕ್ಷೇಮಸಮಾಚಾರ. ಆಮೇಲೆ ಮಗಳು ಕನ್ನಡ ಕಥೆಪುಸ್ತಕ ಓದಿ ತುಂಬಿಸತೊಡಗಿದಳು. ಚೆನ್ನೈ ಶಾಲೆಯಲ್ಲಿ ಅವಳಿಗೆ ತಮಿಳು, ಹಿಂದಿ. ಕನ್ನಡ ಅಕ್ಷರ ಮನೆಯಲ್ಲಿ ಕಲಿತದ್ದು ಅರ್ಧಂಬರ್ಧ. ‘ಒತ್ತಕ್ಷರ ನುಂಗುತ್ತಾಳೆ’ ಎಂದು ಅತ್ತೆ ದೂರುತ್ತಾರೆ, ಅವಳು ಮತ್ತೆ ಓದುತ್ತಾಳೆ. ಪುಸ್ತಕವನ್ನು ಹೀಗೆ ಓದಿ ಧ್ವನಿ ಮಾಡುವುದು ಸರಿಯೇ ಎಂದು ಗೆಳೆಯರೊಬ್ಬರು ಕೇಳಿದರು. ದೃಷ್ಟಿದೋಷ ಇರುವವರ ಸ್ವಂತ ಓದಿಗಾಗಿ ಪುಸ್ತಕವನ್ನು ಅವರು ಬಳಸಬಲ್ಲ ರೂಪಕ್ಕೆ ತರಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ಭಾರತವೇ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳು ಭಾರತದ ಹಲವು ಭಾಷೆಗಳಲ್ಲಿವೆ. ಓದಲು ಕಷ್ಟಪಡುವವರು ಮನೆಯಲ್ಲಿದ್ದರೆ ಸದಸ್ಯತ್ವ ಮಾಡಿಸಿ.

ಕಳೆದ ತಿಂಗಳು ಅತ್ತೆ ಎಗ್ಮೋರಿನಿಂದ ಮಂಗಳೂರು ರೈಲು ಹತ್ತಿ ಕಾಸರಗೋಡಿಗೆ ಹೋಗಿ ಬಂದರು, ಜೊತೆಗೆ ನನ್ನ ಹೆಂಡತಿ. ಪೆಟ್ಟಿಗೆ ಅತ್ತೆಯ ಮಡಿಲಲ್ಲೇ ಇತ್ತು. (ವಿಮಾನದಲ್ಲಾದರೆ ಇಂಥದ್ದನ್ನು ಕೈಚೀಲದಲ್ಲೇ ಇಡಿ. ಬಿಡಿ ಲಿಥಿಯಂ ಸೆಲ್ಲುಗಳನ್ನು ಚೆಕ್ ಇನ್ ಲಗೇಜಿನಲ್ಲಿ ಬಿಡುವುದಿಲ್ಲ.) ಬರುವಾಗ ಇನ್ನೂ ಹನ್ನೊಂದು ಕ್ಯಾಸೆಟ್ ಹೊತ್ತು ತಂದಿದ್ದಾರೆ, ಯಾರು ಯಾರ ಮನೆಯ ಅಟ್ಟದಿಂದಲೋ. ‘ಇದನ್ನೂ ಹಾಕಿಸು. ಶರಸೇತುವಿನಲ್ಲಿ ನಿನ್ನ ಅಜ್ಜನೇ ಹನುಮಂತ’ ಎಂದರು. ಅದರ ಜೊತೆಗೆ ಕಾಫಿಗೆ ಸಕ್ಕರೆ ಕಡಿಮೆಯಾಗಿದೆ, ಬಾಲ್ಕನಿಗೆ ಒಂದು ತುಳಸಿ ಕುಂಡ ಬೇಕು, ಶನಿವಾರ ಕಪಾಲೀಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗು ಎಂದೂ ಕೇಳುತ್ತಾರೆ. ಯಾರನ್ನೂ ಕೇಳದೆ ಸಿಗುವುದು ಒಂದಾದರೂ ಇದ್ದರೆ, ಉಳಿದದ್ದನ್ನು ಕೇಳುವುದಕ್ಕೆ ಮನುಷ್ಯರಿಗೆ ಸಂಕೋಚ ಕಡಿಮೆಯಾಗುತ್ತದೆಂದು ಕಾಣುತ್ತದೆ.

ನಿಮ್ಮ ಮನೆಯ ಹಿರಿಯರಿಗೆ ತಾಳಮದ್ದಳೆ ಬೇಡವಾಗಿರಬಹುದು. ದಾಸರ ಪದ, ವಚನ, ಜಾನಪದ ಹಾಡು, ಹರಿಕಥೆ, ಮೊಮ್ಮಕ್ಕಳ ಮಾತು, ಏನಾದರೂ ಇದ್ದೇ ಇರುತ್ತದೆ. ಅಂಗಡಿಗೆ ಹೊರಡುವ ಮುಂಚೆ ಒಂದು ಸಂಜೆ ಅವರ ಪಕ್ಕ ಕೂತು, ಅವರಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳಿ. ಬಟನ್ ಎಷ್ಟು ಬೇಕು, ಯಾವುದು ಎಲ್ಲಿರಬೇಕು ಎಂಬುದನ್ನು ಅವರೇ ಹೇಳಲಿ. ಮಾಡ್ಯೂಲುಗಳು ಆಮೇಲೆ. ವೈರಿಂಗ್ ಚಿತ್ರ, ಪ್ರೋಗ್ರಾಂ ಬೇಕಾದವರು ಸಂಪಾದಕರಿಗೆ ಬರೆಯಿರಿ, ಕಳಿಸಿಕೊಡುತ್ತೇನೆ.